ಕೊನೆಯ ಹತ್ತು ಮೀಟರ್: ಜಿಯೋಕ್ಯಾಶಿಂಗ್ ಆಡುವವರಿಗೆ

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ-ರೇಖಾಂಶ ಹಿಡಿದು ಹುಡುಕುವ ಆಟವೇ ಜಿಯೋಕ್ಯಾಶಿಂಗ್. ಸಿಕ್ಕಿದ ಡಬ್ಬಿಯೊಳಗಿನ ಚೀಟಿಯಲ್ಲಿ ಹೆಸರು, ತಾರೀಖು ಬರೆದು ಅದನ್ನು ಇದ್ದ ಜಾಗದಲ್ಲೇ ಇಟ್ಟು ಬರಬೇಕು. ಆ ಡಬ್ಬಿಗೆ ‘ಕ್ಯಾಶ್’ ಎನ್ನುತ್ತಾರೆ. ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ಜಿಪಿಎಸ್ ನಿಮ್ಮನ್ನು ಡಬ್ಬಿಯ ಹತ್ತು ಮೀಟರ್ ಆಚೀಚೆ ತಂದು ನಿಲ್ಲಿಸುತ್ತದೆ, ಅಷ್ಟರಲ್ಲಿ ಅದರ ಕೆಲಸ ಮುಗಿಯಿತು. ಈ ಆಟದ ಮೇಲೆ ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಆ ಕೊನೆಯ ಹತ್ತು ಮೀಟರಿನವೇ. ಕಲ್ಲು ಕಿತ್ತರು, ಗಿಡ ತುಳಿದರು, ಡಬ್ಬಿಯನ್ನು ಬೇರೆಲ್ಲೋ ಇಟ್ಟರು, ಅನುಮಾನ ಬಂದು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಹಾಗಾಗಿ ಯಾವ ಯಂತ್ರ ಕೊಳ್ಳಬೇಕು ಎನ್ನುವಷ್ಟೇ ಮುಖ್ಯ, ಅದನ್ನು ಯಾವಾಗ ಜೇಬಿಗೆ ಹಾಕಬೇಕು ಎನ್ನುವುದು.

ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಮಾರನೆಯ ದಿನವೇ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಡೇವ್ ಅಲ್ಮರ್ ಎಂಬವರು ಒಂದು ಪ್ಲಾಸ್ಟಿಕ್ ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ನೆಲೆಯನ್ನು ಅಂತರ್ಜಾಲದಲ್ಲಿ ಹಾಕಿದರು. ಬಕೆಟ್ಟಿನಲ್ಲಿ ಬೇರೆ ಸಾಮಾನಿನ ಜೊತೆ ಒಂದು ಡಬ್ಬ ಬೇಯಿಸಿದ ಕಾಳೂ ಇತ್ತು. ಜಾಗದ ಮಾಲೀಕರ ಒಪ್ಪಿಗೆಯಿಲ್ಲದೆ ಡಬ್ಬಿಯನ್ನು ಹೂಳಬಾರದು, ಒಳಗೆ ತಿನ್ನುವ ಪದಾರ್ಥ ಇಡಬಾರದು ಎಂಬುದು ಈಗಿನ ನಿಯಮ. ಇವತ್ತಾಗಿದ್ದರೆ ಮೊಟ್ಟಮೊದಲ ಕ್ಯಾಶ್ ಎರಡು ಕಾರಣಕ್ಕೆ ತಿರಸ್ಕೃತವಾಗುತ್ತಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಶುರುವಾಯಿತು. ಸಿಯಾಟಲ್‌ನಲ್ಲಿರುವ ಆ ಸಂಸ್ಥೆಯ ನಿಯಮಗಳೇ ಇವತ್ತು ಜಗತ್ತಿನ ಬಹುಪಾಲು ಕಡೆ ನಡೆಯುತ್ತಿವೆ. ಇಲ್ಲಿ ಹೇಳುವುದೂ ಅವನ್ನೇ ಆಧರಿಸಿ.

ಮೊದಲು ಅಂಕಿ ಓದುವುದನ್ನು ಕಲಿಯಿರಿ

ಈ ಆಟದಲ್ಲಿ ನೆಲೆಯನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ ಬರೆಯುತ್ತಾರೆ. ಬೆಂಗಳೂರಿನ ಲಾಲ್‌ಬಾಗ್ ಆಸುಪಾಸಿನ ಒಂದು ಬಿಂದು ತೆಗೆದುಕೊಳ್ಳಿ: ಉತ್ತರ 12° 57.042', ಪೂರ್ವ 77° 35.088'. ಫೋನಿನ ಸಾಮಾನ್ಯ ನಕ್ಷೆಗಳು ಇದೇ ಜಾಗವನ್ನು 12.95070, 77.58480 ಎಂದು ತೋರಿಸುತ್ತವೆ. ಮಿನಿಟನ್ನು 60ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಿದರೆ ಈ ಸಂಖ್ಯೆ ಬರುತ್ತದೆ. 57.042ನ್ನು 60ರಿಂದ ಭಾಗಿಸಿದರೆ 0.9507, ಸರಿಯಾಗಿದೆ.

ಹೊಸಬರು ಭಾಗಿಸದೆ, ಚುಕ್ಕಿ ಎತ್ತಿ ಹಾಕಿ 12.57042, 77.35088 ಎಂದು ಟೈಪ್ ಮಾಡುತ್ತಾರೆ. ನಕ್ಷೆ ಏನೂ ತಕರಾರು ಮಾಡುವುದಿಲ್ಲ, ಲಾಲ್‌ಬಾಗಿನ ಬದಲು ಸುಮಾರು 49 ಕಿಲೋಮೀಟರ್ ನೈಋತ್ಯಕ್ಕೆ, ಕನಕಪುರದ ಆಸುಪಾಸಿಗೆ ದಾರಿ ತೋರಿಸುತ್ತದೆ. ಇಷ್ಟು ದೊಡ್ಡ ತಪ್ಪು ತಕ್ಷಣ ಗೊತ್ತಾಗುತ್ತದೆ, ಕಾಟ ಕೊಡುವುದು ಚಿಕ್ಕದು. 57.042 ಎಂಬುದನ್ನು 57 ಮಿನಿಟು 42 ಸೆಕೆಂಡ್ ಎಂದು ಓದಿಕೊಂಡರೆ ಸುಮಾರು 1.2 ಕಿಲೋಮೀಟರ್ ಉತ್ತರಕ್ಕೆ ಹೋಗಿ ನಿಲ್ಲುತ್ತೀರಿ. ಊರಿನೊಳಗೆ ಅಲ್ಲೂ ಒಂದು ಮರ, ಒಂದು ಕಲ್ಲುಬೆಂಚು ಇದ್ದೇ ಇರುತ್ತದೆ. ಅರ್ಧ ದಿನ ಅದನ್ನೇ ತಡಕಾಡುತ್ತೀರಿ. 42 ಸಾವಿರಾಂಶ ಮಿನಿಟೆಂದರೆ ಬರೀ ಎರಡೂವರೆ ಸೆಕೆಂಡ್.

ಕೊನೆಯ ಅಂಕಿ ಒಂದು ಬದಲಾದರೆ, ಅಂದರೆ 0.001 ಮಿನಿಟು ಆಚೀಚೆಯಾದರೆ, ಉತ್ತರ-ದಕ್ಷಿಣದಲ್ಲಿ ಸುಮಾರು 1.85 ಮೀಟರ್ ವ್ಯತ್ಯಾಸ. ಪೂರ್ವ-ಪಶ್ಚಿಮದಲ್ಲಿ ಕರ್ನಾಟಕದ ಅಕ್ಷಾಂಶದಲ್ಲಿ ಸುಮಾರು 1.8 ಮೀಟರ್, ಸಿಯಾಟಲ್‌ನಂಥ ಉತ್ತರದ ಊರಲ್ಲಿ 1.25 ಮೀಟರ್. ಅಂಕಿಗಳನ್ನು ಕೈಯಿಂದ ಬರೆದುಕೊಳ್ಳುವ ಬದಲು ಆ್ಯಪ್‌ನಿಂದ ನೇರ ಯಂತ್ರಕ್ಕೆ ಕಳಿಸುವುದು ಎಲ್ಲಕ್ಕಿಂತ ಕ್ಷೇಮ.

ಕೈಯಲ್ಲಿ ಹಿಡಿಯುವ ಜಿಪಿಎಸ್ ಇದ್ದರೆ ಇನ್ನೊಂದನ್ನು ನೋಡಿಕೊಳ್ಳಿ. ಮೆನುವಿನಲ್ಲಿ ‘ಮ್ಯಾಪ್ ಡೇಟಮ್’ (ಅಕ್ಷಾಂಶ-ರೇಖಾಂಶ ಎಣಿಸುವ ಆಧಾರ) ಎಂಬ ಆಯ್ಕೆ ಡಬ್ಲ್ಯುಜಿಎಸ್ 84 ಎಂದೇ ಇರಬೇಕು. ಹಳೆಯ ಸರ್ವೆ ನಕ್ಷೆ ಬಳಸಿದ ಯಾರೋ ಅದನ್ನು ‘ಇಂಡಿಯನ್’ಗೆ ಬದಲಾಯಿಸಿಟ್ಟಿದ್ದರೆ ನೂರಾರು ಮೀಟರ್ ತಪ್ಪುತ್ತದೆ. ಯಂತ್ರ ಕೆಟ್ಟಿದೆ ಅನ್ನಿಸುತ್ತದೆಯೇ ಹೊರತು ಕಾರಣ ಹೊಳೆಯುವುದಿಲ್ಲ. ಬಳಸಿದ ಯಂತ್ರ ಕೊಂಡವರು ಇದನ್ನು ಮೊದಲು ನೋಡಬೇಕು.

ಫೋನ್ ಸಾಕೇ, ಯಂತ್ರ ಬೇಕೇ?

ಮೊದಲ ಐವತ್ತು ಡಬ್ಬಿಗಳಿಗೆ ಫೋನ್ ಧಾರಾಳ ಸಾಕು. ತೆರೆದ ಆಕಾಶದಡಿ ಈಗಿನ ಫೋನುಗಳು ಸಾಮಾನ್ಯವಾಗಿ 5 ಮೀಟರ್ ಒಳಗೆ ನೆಲೆ ಹೇಳುತ್ತವೆ. ಡಬ್ಬಿ ಇಟ್ಟವರ ಯಂತ್ರಕ್ಕೂ ಅಷ್ಟೇ ತಪ್ಪು ಇದ್ದೀತು. ಎರಡೂ ಒಂದೇ ಕಡೆ ವಾಲದೆ ಎದುರುಬದುರಾದರೆ 10 ಮೀಟರ್, ಈ ಲೇಖನದ ತಲೆಬರಹದ ಲೆಕ್ಕ ಅದೇ. ಎಷ್ಟೇ ದುಬಾರಿ ಯಂತ್ರ ಕೊಂಡರೂ ಇಟ್ಟವರ ಕಡೆಯ ತಪ್ಪನ್ನು ನೀವು ತಿದ್ದಲಾರಿರಿ.

ಫೋನಿನಲ್ಲಿ ಎರಡು ದಾರಿ ಇವೆ. ಒಂದು ಅಧಿಕೃತ ಆ್ಯಪ್. ಹಣ ಕಟ್ಟದ ಸದಸ್ಯರಿಗೆ ಅದರಲ್ಲಿ ಸುಲಭದ ಡಬ್ಬಿಗಳಷ್ಟೇ ತೆರೆದುಕೊಳ್ಳುತ್ತವೆ. ಉಳಿದ ಎಷ್ಟೋ ಡಬ್ಬಿಗಳ ವಿವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಇನ್ನೊಂದು ಸಿ:ಜಿಯೋ, ಆಂಡ್ರಾಯ್ಡ್‌ಗೆ ಮಾತ್ರ ಇರುವ ಪುಕ್ಕಟೆ ಆ್ಯಪ್. ಯಾವುದಾದರೂ ಸರಿ, ಹೊರಡುವ ಮುನ್ನ ಮನೆಯ ವೈಫೈನಲ್ಲೇ ಡಬ್ಬಿಯ ವಿವರ, ಸುಳಿವು, ನಕ್ಷೆ ಮೂರನ್ನೂ ಇಳಿಸಿಕೊಳ್ಳಿ. ಘಟ್ಟದ ಕೆಳಗೆ ಸಿಗ್ನಲ್ ಹೋದರೆ ಜಿಪಿಎಸ್ ನಡೆಯುತ್ತದೆ, ನಕ್ಷೆ ಮಾತ್ರ ಬಿಳಿ ಹಾಳೆಯಾಗುತ್ತದೆ.

ಫೋನ್ ದಾರಿ ತಪ್ಪಿಸುವುದಕ್ಕೆ ಸಾಮಾನ್ಯ ಕಾರಣಗಳು ಮೂರೇ ಮೂರು. ಒಂದು, ಆಯಸ್ಕಾಂತದ ಮಡಚುವ ಕವರ್. ಬಾಣ ಎಲ್ಲೆಲ್ಲೋ ತಿರುಗುತ್ತದೆ. ಕವರ್ ಬಿಚ್ಚಿ, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ 8ರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿದರೆ ದಿಕ್ಸೂಚಿ ಸರಿಹೋಗುತ್ತದೆ. ಎರಡು, ಬ್ಯಾಟರಿ ಉಳಿಸುವ ಸೌಲಭ್ಯ. ಪರದೆ ಆರಿದೊಡನೆ ಅದು ಲೊಕೇಶನ್ನನ್ನೂ ಮಲಗಿಸುತ್ತದೆ, ನೀವು ಮತ್ತೆ ನೋಡುವಾಗ ಕಾಣುವುದು ಐದು ನಿಮಿಷ ಹಿಂದಿನ ಜಾಗ. ಮೂರು, ಸಿಗ್ನಲ್ ಇಲ್ಲದ ಕಡೆ ಜಿಪಿಎಸ್ ಮೊದಲ ಸಲ ನೆಲೆ ಹಿಡಿಯಲು ತೆಗೆದುಕೊಳ್ಳುವ ಸಮಯ. ಉಪಗ್ರಹದ ಕಕ್ಷೆಯ ವಿವರ ಫೋನಿಗೆ ಇಂಟರ್‌ನೆಟ್‌ನಿಂದ ಕ್ಷಣದಲ್ಲಿ ಬರುತ್ತದೆ. ಅದಿಲ್ಲದಾಗ ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಬಯಲಲ್ಲಿ ಎರಡು ಮೂರು ನಿಮಿಷ ಸುಮ್ಮನೆ ನಿಂತುಕೊಳ್ಳಿ.

ಹೊಸ ಫೋನ್ ಕೊಳ್ಳುವುದೇ ಆದರೆ ಎಲ್1 ಜೊತೆಗೆ ಎಲ್5 ಎಂಬ ಜಿಪಿಎಸ್ ತರಂಗಾಂತರವನ್ನೂ ಹಿಡಿಯುತ್ತದೆಯೇ ಎಂದು ವಿಚಾರಿಸಿ. ಎಲ್1 ಒಂದನ್ನೇ ಹಿಡಿಯುವ ಫೋನಿಗೆ ಎತ್ತರದ ಕಟ್ಟಡ ಅಥವಾ ಬಂಡೆಗೆ ಬಡಿದು ಬರುವ ಸಂಕೇತ ಯಾವುದು, ನೇರ ಬಂದದ್ದು ಯಾವುದು ಎಂಬುದು ಬೇಗ ತಿಳಿಯುವುದಿಲ್ಲ. ನಮ್ಮ ನಾವಿಕ್ ಉಪಗ್ರಹಗಳೂ ಎಲ್5ನಲ್ಲಿ ಪ್ರಸಾರ ಮಾಡುತ್ತವೆ. ಪೆಟ್ಟಿಗೆಯ ಮೇಲೆ ನಾವಿಕ್ ಎಂದು ಬರೆದಿದ್ದರೆ ಸಂತೋಷ, ಆದರೆ ಡಬ್ಬಿ ಹುಡುಕುವಾಗ ಲಾಭವಾಗುವುದು ಹೆಚ್ಚಾಗಿ ಎರಡು ತರಂಗಾಂತರ ಸೇರಿದ್ದರಿಂದ.

ಹಾಗಾದರೆ ಪ್ರತ್ಯೇಕ ಯಂತ್ರ ಯಾರಿಗೆ? ಮಳೆಯಲ್ಲಿ ಅಲೆಯುವವರಿಗೆ, ಇಡೀ ದಿನ ಕಾಡಿನಲ್ಲಿರುವವರಿಗೆ, ಫೋನ್ ಬಂಡೆಯ ಮೇಲೆ ಬಿದ್ದೀತೆಂಬ ಹೆದರಿಕೆ ಇರುವವರಿಗೆ. ಗಾರ್ಮಿನ್‌ನ ಈಟ್ರೆಕ್ಸ್ 22ಎಕ್ಸ್ ಎರಡು ಎಎ ಸೆಲ್‌ಗಳ ಮೇಲೆ ಸುಮಾರು 25 ಗಂಟೆ ನಡೆಯುತ್ತದೆ. ಪರದೆ 2.2 ಇಂಚು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವ ಕವಚ. 32ಎಕ್ಸ್ ನೋಡಲು ಅದೇ ರೀತಿ, ಹೆಚ್ಚಿಗೆ ಇರುವುದು ಎಲೆಕ್ಟ್ರಾನಿಕ್ ದಿಕ್ಸೂಚಿ ಮತ್ತು ಗಾಳಿಯೊತ್ತಡದಿಂದ ಎತ್ತರ ಅಳೆಯುವ ಸೌಲಭ್ಯ. ಎತ್ತರ ಅಳೆಯುವುದು ಇಲ್ಲಿ ಅಷ್ಟು ಮುಖ್ಯವಲ್ಲ, ದಿಕ್ಸೂಚಿ ಮುಖ್ಯ. ಅದಿಲ್ಲದ ಯಂತ್ರಕ್ಕೆ ನೀವು ನಡೆಯುತ್ತಿರುವಾಗ ಮಾತ್ರ ದಿಕ್ಕು ಗೊತ್ತು. ನಿಂತ ಕೂಡಲೇ ಬಾಣ ಕುಡಿದವನಂತೆ ಓಲಾಡುತ್ತದೆ. ಕೊನೆಯ ಹತ್ತು ಮೀಟರಿನಲ್ಲಿ ನೀವು ನಿಂತಿರುವುದೇ ಹೆಚ್ಚಲ್ಲವೇ? ಹಾಗಾಗಿ ಎರಡರಲ್ಲಿ ಒಂದೆಂದರೆ 32ಎಕ್ಸ್.

ಎರಡು ತರಂಗಾಂತರ ಬೇಕೆಂದರೆ ಜಿಪಿಎಸ್‌ಮ್ಯಾಪ್ 65ಎಸ್ ಇದೆ, ಸೆಲ್ ಬಾಳಿಕೆ ಮಾತ್ರ ಸುಮಾರು 16 ಗಂಟೆ. ಜಿಪಿಎಸ್‌ಮ್ಯಾಪ್ 67ರ ಬ್ಯಾಟರಿ ಒಮ್ಮೆ ತುಂಬಿಸಿದರೆ 180 ಗಂಟೆಯವರೆಗೆ ಬರುತ್ತದೆ ಎಂದು ತಯಾರಕರು ಹೇಳುತ್ತಾರೆ. ಪಟ್ಟಣದಂಗಡಿಯ ಸೆಲ್ ಹಾಕಿ ನಡೆಸುವ ಅನುಕೂಲ ಅದರಲ್ಲಿಲ್ಲ. ಎಎ ಯಂತ್ರಕ್ಕೆ ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಸೆಲ್ ಹಾಕಿದರೆ ಮೆನುವಿನಲ್ಲಿ ಬ್ಯಾಟರಿಯ ಬಗೆಯನ್ನೂ ಬದಲಿಸಬೇಕು. ಇಲ್ಲವಾದರೆ ಇನ್ನೂ ಅರ್ಧ ಇದೆ ಎಂದು ತೋರಿಸುತ್ತಲೇ ಆರಿಹೋಗುತ್ತದೆ. ಯಂತ್ರದಲ್ಲಿ ನೆಲೆಯ ತಪ್ಪನ್ನು ತಿದ್ದುವ ‘ವಾಸ್’ ಎಂಬ ಆಯ್ಕೆ ಇದ್ದರೆ ಹಚ್ಚಿಡಿ. ಭಾರತದಲ್ಲಿ ಆ ತಿದ್ದುವ ಕೆಲಸವನ್ನು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ‘ಗಗನ್’ ಮಾಡುತ್ತದೆ.

ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ಕನ್ನಡಿಗರು ಇದನ್ನು ಎರಡು ಸಲ ಓದಬೇಕು. ಗಾರ್ಮಿನ್ ಮಾದರಿಗಳ ಹೆಸರಿನ ಕೊನೆಗೆ ‘ಐ’ ಇದ್ದರೆ, ಅಂದರೆ 66ಐ, 67ಐ ಥರದವು, ಅದರಲ್ಲಿ ಇನ್‌ರೀಚ್ ಎಂಬ ಉಪಗ್ರಹ ಸಂದೇಶ ವ್ಯವಸ್ಥೆ ಇರುತ್ತದೆ. ಅನುಮತಿ ಇಲ್ಲದೆ ಅಂಥದ್ದನ್ನು ಭಾರತಕ್ಕೆ ತರುವುದು ಕಾನೂನಿಗೆ ವಿರುದ್ಧ. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ತಡೆದು ಮೊಕದ್ದಮೆ ಹಾಕಿದ್ದೂ ಇದೆ. ರಜೆಗೆ ಊರಿಗೆ ಬರುವಾಗ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಮೊದಲ ಡಬ್ಬಿ ಆರಿಸುವುದು ಹೇಗೆ

ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತವೆ. ಡಿ ಎಂದರೆ ಹುಡುಕುವ ಕಷ್ಟ, ಟಿ ಎಂದರೆ ಅಲ್ಲಿಗೆ ತಲುಪುವ ನೆಲದ ಕಷ್ಟ. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದ ಏರಿಕೆಯಲ್ಲಿ. ಟಿ 5 ಎಂದಿದ್ದರೆ ಹಗ್ಗವೋ ದೋಣಿಯೋ ಬೇಕು ಎಂದರ್ಥ, ಧೈರ್ಯ ಒಂದೇ ಸಾಲದು. ಮೊದಲ ಸಲ ಎರಡೂ 1.5ರ ಒಳಗಿರುವುದನ್ನು ಆರಿಸಿ. ಬಗೆ ‘ಟ್ರೆಡಿಷನಲ್’ ಆಗಿರಲಿ, ಕೊಟ್ಟ ನೆಲೆಯಲ್ಲೇ ಡಬ್ಬಿ ಇರುತ್ತದೆ. ‘ಮಲ್ಟಿ’ಯಲ್ಲಿ ಒಂದು ಕಡೆಯಿಂದ ಇನ್ನೊಂದಕ್ಕೆ ಸುಳಿವು ಹಿಡಿದು ಹೋಗಬೇಕು. ‘ಮಿಸ್ಟರಿ’ಯಲ್ಲಿ ನಕ್ಷೆಯ ಪ್ರಶ್ನಾರ್ಥಕ ಚಿಹ್ನೆ ಬರೀ ಗುರುತು, ಒಗಟು ಬಿಡಿಸದೆ ಅಲ್ಲಿಗೆ ಹೋದರೆ ಏನೂ ಸಿಗುವುದಿಲ್ಲ.

ಗಾತ್ರವನ್ನೂ ನೋಡಿ. 100 ಮಿಲಿಲೀಟರಿಗಿಂತ ಚಿಕ್ಕದು ‘ಮೈಕ್ರೊ’, ಅಲ್ಲಿಂದ ಒಂದು ಲೀಟರ್‌ವರೆಗೆ ‘ಸ್ಮಾಲ್’, 20 ಲೀಟರ್‌ವರೆಗೆ ‘ರೆಗ್ಯುಲರ್’. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಸ್ಮಾಲ್‌ಗಿಂತ ಚಿಕ್ಕದು ಬೇಡ. ಒಳಗೆ ಆಟಿಕೆ ಸಿಗದಿದ್ದರೆ ಮಗು ಮತ್ತೆ ಬರುವುದಿಲ್ಲ. ಆಮೇಲೆ ಹಿಂದಿನವರು ಬರೆದ ಕೊನೆಯ ಐದು ಟಿಪ್ಪಣಿ ಓದಿ. ಕಳೆದ ತಿಂಗಳೊಳಗೆ ಯಾರಿಗೋ ಸಿಕ್ಕಿದ್ದರೆ ಡಬ್ಬಿ ಇನ್ನೂ ಅಲ್ಲಿದೆ. ಸಾಲಾಗಿ ಮೂರು ಜನ ‘ಸಿಗಲಿಲ್ಲ’ ಎಂದಿದ್ದರೆ ಬೇರೆಯದನ್ನು ನೋಡಿ. ವೆಬ್‌ಸೈಟಿನಲ್ಲಿ ಸುಳಿವು ಅಕ್ಷರ ಬದಲಿಸಿದ ಗುಪ್ತಲಿಪಿಯಲ್ಲಿ ಇರುತ್ತದೆ, ಒತ್ತಿದರೆ ಬಿಡಿಸಿಕೊಳ್ಳುತ್ತದೆ. ಕಾಡಿಗೆ ಹೋಗುವುದಾದರೆ ಮನೆಯಲ್ಲೇ ಬಿಡಿಸಿಕೊಂಡು ಹೋಗುವುದರಲ್ಲಿ ಅವಮಾನವೇನಿಲ್ಲ.

ಚೀಲದಲ್ಲಿ ಇರಬೇಕಾದದ್ದು: ಬಾಲ್‌ಪೆನ್ ಮತ್ತು ಪೆನ್ಸಿಲ್ (ಜೆಲ್ ಪೆನ್ನಿನ ಬರಹ ತೇವಕ್ಕೆ ಹರಡುತ್ತದೆ), ಚಿಮಟ, ಚಿಕ್ಕ ಟಾರ್ಚ್, ಎರಡು ಮೂರು ಜಿಪ್ ಕವರ್, ಕುಡಿಯುವ ನೀರು, ಪವರ್ ಬ್ಯಾಂಕ್, ಕೈಗವಸು. ಒಂದು ಕೋಲು ಕೂಡ. ಯಾಕೆಂಬುದು ಮುಂದೆ ಬರುತ್ತದೆ.

ಹುಡುಕುವುದು

ಜಾಗ 30 ಮೀಟರ್ ಇದೆ ಎಂದು ಯಂತ್ರ ತೋರಿಸುವಾಗ ನಡಿಗೆ ನಿಧಾನ ಮಾಡಿ. 10 ಮೀಟರ್ ಬಂದಾಗ ಪರದೆ ನೋಡುವುದನ್ನು ಬಿಟ್ಟುಬಿಡಿ. ಅಲ್ಲಿಂದ ಮುಂದೆ ಅಂಕಿ 3 ಮೀಟರಿಗಿಳಿಯುತ್ತದೆ, 7ಕ್ಕೇರುತ್ತದೆ. ಅದನ್ನು ಬೆನ್ನಟ್ಟಿ ಸುತ್ತುವವರು ಹುಲ್ಲನ್ನೆಲ್ಲ ತುಳಿದು ಕಣ ಮಾಡುತ್ತಾರೆ. ಮರ ದಟ್ಟವಾಗಿದ್ದರೆ, ಬಂಡೆಯ ಮಗ್ಗುಲಾಗಿದ್ದರೆ ಹೀಗೆ ಮಾಡಿ: ಸುಮಾರು 30 ಮೀಟರ್ ಆಚೆಯಿಂದ ಒಂದು ನೇರ ಗೆರೆಯಲ್ಲಿ ನಡೆದು ಬನ್ನಿ, ಬಾಣ ಹಿಂದಕ್ಕೆ ತಿರುಗುವ ಜಾಗ ನೋಡಿಕೊಳ್ಳಿ. ಇನ್ನೆರಡು ದಿಕ್ಕಿನಿಂದಲೂ ಹಾಗೇ ಬನ್ನಿ. ಮೂರು ಜಾಗಗಳ ನಡುವೆ ನಿಂತು ಸುತ್ತ ಕಣ್ಣಾಡಿಸಿ.

ನೋಡಬೇಕಾದದ್ದು ಸಹಜವಲ್ಲದ್ದನ್ನು. ಗಾಳಿಗೆ ಬಿದ್ದ ಕಡ್ಡಿಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಒಂದೇ ದಿಕ್ಕಿಗೆ ಜೋಡಿಸಿದ ಐದಾರು ಕಡ್ಡಿ ಕಂಡರೆ ಅದು ಯಾರದೋ ಕೈಕೆಲಸ. ಪಾಚಿ ಮೇಲಕ್ಕಿರಬೇಕಾದ ಕಲ್ಲು ಮಗುಚಿಕೊಂಡಿದ್ದರೆ, ಮರದ ಪೊಟರೆಗೆ ತೊಗಟೆಯ ತುಂಡು ಅಡ್ಡಗೊಟ್ಟಿದ್ದರೆ, ಬೇಲಿಯ ಒಂದೇ ಕಂಬಕ್ಕೆ ಹೊಸ ಮೊಳೆ ಇದ್ದರೆ ಅಲ್ಲಿ ನೋಡಿ. ಸೇತುವೆಯ ಕಬ್ಬಿಣದ ಕೆಳಗೆ ಆಯಸ್ಕಾಂತದ ಪುಟ್ಟ ಡಬ್ಬಿ ಅಂಟಿಕೊಂಡಿರುವುದೂ ಸಾಮಾನ್ಯ.

ಕಣ್ಣಿಗೆ ಕಾಣದ ಕಡೆಗೆ ಕೈ ಹಾಕಬೇಡಿ. ನಮ್ಮ ಸೀಮೆಯ ಬಂಡೆಸಂದು, ಪೊಟರೆ, ಕಲ್ಲುಗುಡ್ಡೆಗಳು ನಾಗರ, ಕೊಳಕುಮಂಡಲಗಳ ಮನೆ. ಮೊದಲು ಟಾರ್ಚ್ ಬಿಡಿ, ಕೋಲಿನಿಂದ ತಟ್ಟಿ, ಆಮೇಲೆ ಕೈ. ಹುತ್ತದ ಹತ್ತಿರ ಹುಡುಕಲೇಬೇಡಿ. ಹಾವಿನ ಮಾತು ಒಂದಾದರೆ, ಜನ ಅರಿಶಿನ-ಕುಂಕುಮ ಹಚ್ಚಿ ಪೂಜಿಸುವ ಜಾಗ ಎಂಬುದು ಇನ್ನೊಂದು. ದೊಡ್ಡ ಬಂಡೆಯ ಚಾಚಿನಡಿ ಹೆಜ್ಜೇನು ಕಟ್ಟಿದ್ದರೆ ದೂರದಿಂದಲೇ ವಾಪಸಾಗಿ. ಶಿವಮೊಗ್ಗ, ಉತ್ತರ ಕನ್ನಡದ ಕಾಡಿನಲ್ಲಿ ಬೇಸಿಗೆಗೆ ಮುಂಚಿನ ತಿಂಗಳುಗಳಿಂದಲೇ ಉಣುಗಿನ ಕಾಟ ಶುರು, ಮಂಗನ ಕಾಯಿಲೆ ಹರಡುವುದು ಅದರಿಂದಲೇ. ತರಗೆಲೆಯ ಮೇಲೆ ಕೂರಬೇಡಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಅಮೆರಿಕದಲ್ಲಿ ಇರುವವರು ಮೂರು ಮೂರು ಎಲೆಯ ಪಾಯ್ಸನ್ ಐವಿಯನ್ನು ಚಿತ್ರ ನೋಡಿ ಗುರುತಿಟ್ಟುಕೊಳ್ಳಿ. ಮುಟ್ಟಿದರೆ ವಾರಗಟ್ಟಲೆ ತುರಿಕೆ.

ಬಿಡಿಸಬೇಕಾದದ್ದು, ಒಡೆಯಬೇಕಾದದ್ದು, ಅಗೆಯಬೇಕಾದದ್ದು ಯಾವುದೂ ಕ್ಯಾಶ್ ಅಲ್ಲ. ವಿದ್ಯುತ್ ಪೆಟ್ಟಿಗೆ, ಟ್ರಾನ್ಸ್‌ಫಾರ್ಮರ್, ಬೀದಿದೀಪದ ವೈರಿಂಗ್ ಬಾಗಿಲು ಇವನ್ನು ಮುಟ್ಟಲೇಬೇಡಿ. ಅಮೆರಿಕದ ಪಾರ್ಕಿಂಗ್ ಜಾಗಗಳಲ್ಲಿ ದೀಪದ ಕಂಬದ ಬುಡದ ಲೋಹದ ಹೊದಿಕೆಯಡಿ ಡಬ್ಬಿ ಇಡುವ ರೂಢಿ ಇದೆ. ಅದನ್ನು ಕಲಿತು ಬಂದವರು ಇಲ್ಲಿಯ ಕಂಬಗಳ ಮೇಲೆ ಪ್ರಯೋಗ ಮಾಡಿದರೆ ಜೀವಕ್ಕೇ ಅಪಾಯ. ಬ್ರಿಟನ್ನಿನ ಹೊಲಗಳಲ್ಲಿ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳಿರುತ್ತವೆ, ಅವುಗಳಿಂದ ಒಂದು ಕಲ್ಲನ್ನೂ ಎಳೆಯಬಾರದು. ಜರ್ಮನಿಯಲ್ಲಿ ಬಾವಲಿಗಳು ಚಳಿನಿದ್ದೆ ಮಾಡುವ ಗುಹೆ, ಸುರಂಗಗಳಿಗೆ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಹೋಗುವಂತಿಲ್ಲ.

ಆಟ ಗೊತ್ತಿಲ್ಲದವರನ್ನು ಆಡುವವರು ‘ಮಗಲ್’ ಎನ್ನುತ್ತಾರೆ. ಅವರೆದುರು ಡಬ್ಬಿ ತೆಗೆದರೆ ಮರುದಿನ ಅದು ಇರುವುದಿಲ್ಲ. ಸುತ್ತ ಜನರಿದ್ದರೆ ಬೆಂಚಿನ ಮೇಲೆ ಕೂತು ಶೂ ಲೇಸ್ ಕಟ್ಟಿ, ಫೋನಿನಲ್ಲಿ ಮಾತಾಡಿ, ಕಾಯಿರಿ. ಆಟದ ಮೈದಾನದ ಪಕ್ಕ ಪೊದೆಯಲ್ಲಿ ಒಬ್ಬರೇ ಇಣುಕುತ್ತಾ ಇರಬೇಡಿ, ನೋಡಿದವರು ಅಂದುಕೊಳ್ಳುವುದೇ ಬೇರೆ. ಬೀಟ್ ಪೊಲೀಸರೋ ಕಾವಲುಗಾರರೋ ಕೇಳಿದರೆ ಕಥೆ ಕಟ್ಟದೆ ಇದ್ದದ್ದನ್ನು ಹೇಳಿ, ಆ್ಯಪ್‌ನ ಪುಟ ತೋರಿಸಿ, ‘ಹೋಗಿ’ ಎಂದರೆ ವಾದಿಸದೆ ಹೊರಡಿ.

ಸಿಕ್ಕ ಮೇಲೆ

ತೆಗೆಯುವ ಮುನ್ನವೇ ಡಬ್ಬಿ ಇದ್ದ ರೀತಿಯ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ನಿಮ್ಮ ಬಳಕೆಗೆ ಮಾತ್ರ. ಮುಚ್ಚಳ ಯಾವ ಕಡೆಗಿತ್ತು, ಮೇಲೆ ಯಾವ ಕಲ್ಲಿತ್ತು ಎಂಬುದು ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಲಾಗ್ ಚೀಟಿಯಲ್ಲಿ ತಾರೀಖು ಮತ್ತು ಆಟದ ಖಾತೆಯಲ್ಲಿ ನೀವು ಇಟ್ಟುಕೊಂಡ ಹೆಸರು ಬರೆಯಿರಿ. ಚೀಟಿಯಲ್ಲಿ ಸಹಿ ಇಲ್ಲದೆ ಆ್ಯಪ್‌ನಲ್ಲಿ ‘ಸಿಕ್ಕಿತು’ ಎಂದು ಹಾಕುವಂತಿಲ್ಲ, ಡಬ್ಬಿಯ ಒಡೆಯರು ಅದನ್ನು ಅಳಿಸಬಹುದು. ಕಂಡಿತು ಆದರೆ ಎಟುಕಲಿಲ್ಲ ಎಂದರೆ ಲೆಕ್ಕಕ್ಕಿಲ್ಲ.

ಬೆರಳ ತುದಿಯಷ್ಟಿರುವ ನ್ಯಾನೊ ಡಬ್ಬಿಯಲ್ಲಿ ಲಾಗ್ ಎಂದರೆ ಸುರುಳಿ ಸುತ್ತಿದ ಕಾಗದದ ಪಟ್ಟಿ. ಅದನ್ನು ಹೊರತೆಗೆಯುವುದು ಸುಲಭ, ಮತ್ತೆ ಒಳಗೆ ಹೋಗಿಸುವುದು ಕಷ್ಟ. ಉರಿದುಳಿದ ಊದುಬತ್ತಿಯ ಬಿದಿರ ಕಡ್ಡಿ ಒಂದು ಚೀಲದಲ್ಲಿರಲಿ. ಪಟ್ಟಿಯ ತುದಿಯನ್ನು ಅದಕ್ಕೆ ಒತ್ತಿ ಬಿಗಿಯಾಗಿ ಸುತ್ತಿ, ಸುತ್ತನ್ನು ಬೆರಳಲ್ಲಿ ಹಿಡಿದುಕೊಂಡೇ ಕಡ್ಡಿ ಎಳೆದು, ಸುರುಳಿಯನ್ನು ಮುಚ್ಚಳದೊಳಗೆ ತಳ್ಳಿ. ಸಡಿಲ ಸುತ್ತಿ ಹಾಗೇ ತಿರುಪಿದರೆ ಕಾಗದ ತಿರುಪಿನ ಸಂದಿಗೆ ಸಿಕ್ಕಿಕೊಂಡು, ನೀರು ಒಳಗಿಳಿಯುವುದು ಅಲ್ಲಿಂದಲೇ.

ದೊಡ್ಡ ಡಬ್ಬಿಯಲ್ಲಿ ಆಟಿಕೆ, ನಾಣ್ಯ, ಬಿಲ್ಲೆ ಇರುತ್ತವೆ. ಒಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯದೋ ಹೆಚ್ಚಿನದೋ ಇಡಬೇಕು. ಏನೂ ತೆಗೆಯದೆ ಏನೂ ಇಡದೆ ಬಂದರೂ ತಪ್ಪಿಲ್ಲ. ತಿಂಡಿ, ಔಷಧ, ಚಾಕು, ಬೆಂಕಿಪೊಟ್ಟಣ, ಮದ್ಯ ಇಡಕೂಡದು. ಒಂದು ಚಾಕೊಲೇಟ್ ಇಟ್ಟರೂ ಇರುವೆ ಸಾಲುಗಟ್ಟುತ್ತದೆ, ಮಂಗ ಡಬ್ಬಿಯನ್ನೇ ಹೊತ್ತೊಯ್ಯುತ್ತದೆ. ಲೋಹದ ಬಿಲ್ಲೆಯ ಮೇಲೆ ಸಂಖ್ಯೆ ಕೆತ್ತಿದ್ದರೆ ಅದು ‘ಟ್ರಾವೆಲ್ ಬಗ್’. ಡಬ್ಬಿಯಿಂದ ಡಬ್ಬಿಗೆ ಊರೂರು ಸುತ್ತುವ ಯಾತ್ರಿಕ. ಅದು ನಿಮ್ಮ ಸ್ವತ್ತಲ್ಲ. ತಂದರೆ ಆ್ಯಪ್‌ನಲ್ಲಿ ದಾಖಲಿಸಿ, ಎರಡು ವಾರದೊಳಗೆ ಇನ್ನೊಂದು ಡಬ್ಬಿಗೆ ಸೇರಿಸಿ. ಸಂಖ್ಯೆ ಕಾಣುವ ಹಾಗೆ ಅದರ ಫೋಟೊ ಹಾಕಬೇಡಿ, ನೋಡಿದವರೆಲ್ಲ ಕೂತಲ್ಲಿಂದಲೇ ತಾವೂ ಕಂಡೆವು ಎಂದು ದಾಖಲಿಸುತ್ತಾರೆ.

ಡಬ್ಬಿಯನ್ನು ಇದ್ದಲ್ಲೇ, ಇದ್ದ ಹಾಗೇ ಇಡಿ. ‘ಇಲ್ಲಿ ಇನ್ನೂ ಚೆನ್ನಾಗಿ ಮರೆಯಾಗುತ್ತದೆ’ ಎಂದು ಎರಡು ಮೀಟರ್ ಆಚೆ ಇಡುವ ಉಪಕಾರ ಬೇಡ. ನಿಮ್ಮ ಮುಂದಿನವರು ಇನ್ನೆರಡು ಮೀಟರ್ ಸರಿಸುತ್ತಾರೆ, ವರ್ಷದಲ್ಲಿ ಡಬ್ಬಿ ರಸ್ತೆಯ ಆಚೆ ಬದಿಗೆ ಹೋಗಿರುತ್ತದೆ.

ಮನೆಗೆ ಬಂದು ಆ್ಯಪ್‌ನಲ್ಲಿ ನಾಲ್ಕು ಸಾಲು ಬರೆಯಿರಿ. ದಾರಿ ಹೇಗಿತ್ತು, ಚೀಟಿ ಒಣಗಿದೆಯೇ, ಅದರಲ್ಲಿ ಬರೆಯಲು ಜಾಗ ಉಳಿದಿದೆಯೇ. ಒಡೆಯರಿಗೆ ಉಪಯೋಗವಾಗುವುದು ಇಂಥ ವಿವರ. ಕನ್ನಡದಲ್ಲೇ ಬರೆಯಬಹುದು, ಒಡೆಯರು ಬೇರೆ ಭಾಷೆಯವರಾದರೆ ಜೊತೆಗೊಂದು ಸಾಲು ಇಂಗ್ಲಿಷಿನಲ್ಲಿರಲಿ. ಅಡಗುತಾಣ ಬಯಲಾಗುವ ಮಾತು, ಫೋಟೊ ಬೇಡ. ಸಿಗದಿದ್ದರೆ ‘ಸಿಗಲಿಲ್ಲ’ ಎಂದು ತಪ್ಪದೆ ದಾಖಲಿಸಿ. ನಾಚಿಕೊಂಡು ಬಿಟ್ಟುಬಿಟ್ಟರೆ ಡಬ್ಬಿ ಕಳೆದಿದೆ ಎಂಬುದು ಒಡೆಯರಿಗೆ ಗೊತ್ತಾಗುವುದೇ ಇಲ್ಲ, ಇನ್ನೂ ಹತ್ತು ಜನ ಬರೀಗೈಲಿ ಮರಳುತ್ತಾರೆ. ಚೀಟಿ ತೊಯ್ದಿದ್ದರೆ, ಮುಚ್ಚಳ ಸೀಳಿದ್ದರೆ ಒಡೆಯರ ಗಮನ ಬೇಕು ಎಂಬ ಆಯ್ಕೆ ಒತ್ತಿ. ಸಿಗಲಿಲ್ಲವೆಂದು ನಿಮ್ಮದೇ ಒಂದು ಹೊಸ ಡಬ್ಬಿ ಎಸೆದು ‘ಸಿಕ್ಕಿತು’ ಎಂದು ಬರೆಯುವ ಚಾಳಿಯೂ ಇದೆ. ಹಳೆಯದೂ ಅಲ್ಲೇ ಇದ್ದು ಒಂದೇ ಜಾಗಕ್ಕೆ ಎರಡು ಡಬ್ಬಿಯಾಗುತ್ತವೆ. ಅದು ಸಹಾಯವಲ್ಲ, ಕಳ್ಳಲೆಕ್ಕ.

ನೀವೇ ಡಬ್ಬಿ ಇಡುವುದಾದರೆ

ಕನಿಷ್ಠ ಇಪ್ಪತ್ತು ಡಬ್ಬಿ ಹುಡುಕಿದ ಮೇಲೆ ಇದಕ್ಕೆ ಕೈಹಾಕಿ. ಒಳ್ಳೆಯ ಡಬ್ಬಿಗಿಂತ ಕೆಟ್ಟ ಡಬ್ಬಿ ನೋಡಿ ಕಲಿಯುವುದು ಹೆಚ್ಚು.

ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಇರಬೇಕು. ಮಿಸ್ಟರಿ, ಮಲ್ಟಿಗಳಲ್ಲಿ ವಸ್ತು ಇಟ್ಟಿರುವ, ನಕ್ಷೆಯಲ್ಲಿ ಕಾಣದ ಹಂತಗಳೂ ಇದಕ್ಕೆ ಸೇರುತ್ತವೆ. ಜಾಗದ ಮಾಲೀಕರ ಒಪ್ಪಿಗೆ ಬೇಕು. ಅಮೆರಿಕದಲ್ಲಿ ರೈಲುಹಳಿಯಿಂದ 46 ಮೀಟರ್ ಒಳಗೆ ಇಡುವಂತಿಲ್ಲ, ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಡಬ್ಬಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ನಮ್ಮಲ್ಲಿ ಇನ್ನೂ ಬಿಗಿಯಾಗಿ ಯೋಚಿಸಬೇಕು. ಅಣೆಕಟ್ಟು, ವಿದ್ಯುತ್ ಸ್ಥಾವರ, ರೈಲು ಮತ್ತು ಮೆಟ್ರೊ ನಿಲ್ದಾಣ, ರಕ್ಷಣಾ ಇಲಾಖೆಯ ಜಾಗ, ಶಾಲೆ ಇವುಗಳ ಹತ್ತಿರ ಸುಳಿಯಬೇಡಿ. ವಾರಸುದಾರರಿಲ್ಲದ ಪೆಟ್ಟಿಗೆ ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ ಎಂದು ಬಸ್ ನಿಲ್ದಾಣದ ಧ್ವನಿವರ್ಧಕ ದಿನಾ ಹೇಳುವ ಊರು ನಮ್ಮದು. ಹಂಪಿ, ಬಾದಾಮಿಯಂಥ ಸಂರಕ್ಷಿತ ಸ್ಮಾರಕಗಳ ಕಲ್ಲುಸಂದಿಗೆ ಏನನ್ನೂ ತುರುಕಬಾರದು. ಅಭಯಾರಣ್ಯ, ಹುಲಿ ಮೀಸಲು ಪ್ರದೇಶಗಳು ಡಬ್ಬಿ ಇಡಬಹುದಾದ ಜಾಗಗಳ ಪಟ್ಟಿಯಲ್ಲೇ ಇಲ್ಲವೆಂದುಕೊಳ್ಳಿ.

ಡಬ್ಬಿಯೇ ಇಡಲಾಗದ ಒಳ್ಳೆಯ ಜಾಗಗಳಿಗೆ ‘ಅರ್ಥ್‌ಕ್ಯಾಶ್’ ಇದೆ. ಇಲ್ಲಿ ವಸ್ತು ಇಲ್ಲ. ನೆಲದ ಭೂವಿಜ್ಞಾನದ ಬಗ್ಗೆ ನೀವು ಪ್ರಶ್ನೆ ಕೇಳುತ್ತೀರಿ, ಬಂದವರು ನೋಡಿ, ಅಳೆದು ಉತ್ತರ ಕಳಿಸುತ್ತಾರೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಲಾಲ್‌ಬಾಗಿನ ಬಂಡೆ, ಮಲ್ಪೆಯ ಆಚೆ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಲಾವಾ ಶಿಲೆ, ಇಂಥವಕ್ಕೆ ಇದಕ್ಕಿಂತ ಹೊಂದುವ ಬಗೆ ಇನ್ನೊಂದಿಲ್ಲ.

ಡಬ್ಬಿಗೆ ನಾಲ್ಕೂ ಬದಿ ಕ್ಲಿಪ್ ಇರುವ, ಮುಚ್ಚಳದಲ್ಲಿ ಸಿಲಿಕೋನ್ ಬಳೆ ಇರುವ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಮೇಲೆ ಕಲ್ಲಿಟ್ಟು ಬಕೆಟ್ಟಿನ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿ ಪರೀಕ್ಷೆ ಮಾಡಿ, ಒಳಗಿಟ್ಟ ಟಿಶ್ಯೂ ಕಾಗದ ಬೆಳಿಗ್ಗೆ ಒಣಗಿದ್ದರೆ ಪಾಸು. ಸ್ಟೀಲ್ ಟಿಫಿನ್ ಡಬ್ಬಿಗೆ ಮಳೆ ತಡೆಯುವ ತಾಕತ್ತಿಲ್ಲ. ವಿದೇಶಗಳಲ್ಲಿ ಜನಪ್ರಿಯವಾಗಿರುವ ಸೇನೆಯ ಮದ್ದುಗುಂಡಿನ ಪೆಟ್ಟಿಗೆ ಇಲ್ಲಿ ಬೇಡವೇ ಬೇಡ. ಸಿಲಿಕಾ ಜೆಲ್ ಪೊಟ್ಟಣವನ್ನು ಎಲ್ಲರೂ ಹಾಕುತ್ತಾರೆ, ಆದರೆ ಮಲೆನಾಡಿನ ಜುಲೈಯಲ್ಲಿ ಮುಚ್ಚಳ ನಾಲ್ಕು ಸಲ ತೆರೆದರೆ ಅದು ಕುಡಿಯುವಷ್ಟು ಕುಡಿದು, ಆಮೇಲೆ ಒಳಗಿನ ತೇವದ ಮೂಲವೇ ಆಗುತ್ತದೆ. ಚೀಟಿಯನ್ನು ಎರಡು ಜಿಪ್ ಕವರಿನೊಳಗೆ ಇಟ್ಟು ತಿಂಗಳಿಗೊಮ್ಮೆ ಬದಲಿಸುವುದೇ ಮೇಲು. ಡಬ್ಬಿ ಪಾರದರ್ಶಕವಾಗಿರಲಿ, ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆಯಿರಿ: ‘ಇದು ಜಿಯೋಕ್ಯಾಶಿಂಗ್ ಆಟದ ಡಬ್ಬಿ. ಅಪಾಯವಿಲ್ಲ. ದಯವಿಟ್ಟು ಇಲ್ಲೇ ಇಡಿ.’ ಜೊತೆಗೆ ಕ್ಯಾಶ್‌ನ ಸಂಖ್ಯೆ.

ನೆಲೆಯನ್ನು ಒಂದೇ ಸಲ ಅಳೆದು ಕೊಡಬೇಡಿ. ಉಪಗ್ರಹಗಳ ಜೋಡಣೆ ಗಂಟೆಗಂಟೆಗೆ ಬದಲಾಗುತ್ತದೆ. ಗಾರ್ಮಿನ್ ಯಂತ್ರಗಳಲ್ಲಿ ಸರಾಸರಿ ತೆಗೆಯುವ ಸೌಲಭ್ಯವಿದೆ. ಕಡಿಮೆಯೆಂದರೆ 90 ನಿಮಿಷದ ಅಂತರದಲ್ಲಿ 4ರಿಂದ 8 ಸಲ ಅಳತೆ ತೆಗೆಯಿರಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮರುದಿನ ಎರಡು ಸಲ ಹೋದರೂ ಆಯಿತು. ಅಷ್ಟು ಸಲ ಹೋಗಲು ಬೇಸರವಾದರೆ, ಮುಂದೆ ಚೀಟಿ ಬದಲಿಸಲು ಹೋಗುವುದಕ್ಕೂ ಬೇಸರವಾಗುತ್ತದೆ ಎಂದು ಈಗಲೇ ತಿಳಿದುಕೊಳ್ಳಿ.

ಡಬ್ಬಿಯ ವಿವರದ ಪುಟವನ್ನು ವೆಬ್‌ಸೈಟಿಗೆ ಕಳಿಸಿದ ಮೇಲೆ ಸ್ವಯಂಸೇವಕ ರಿವ್ಯೂವರ್ ಒಬ್ಬರು ನೋಡುತ್ತಾರೆ, ಒಂದು ವಾರದವರೆಗೆ ಹಿಡಿಯಬಹುದು. ಪ್ರವಾಸಕ್ಕೆ ಬಂದವರು ಇಟ್ಟುಹೋಗುವ ಡಬ್ಬಿಗಳನ್ನು ಅವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಡಿಸೆಂಬರ್ ರಜೆಗೆ ಡಲ್ಲಾಸಿನಿಂದ ಮೈಸೂರಿಗೆ ಬಂದು ಒಂದು ಡಬ್ಬಿ ಇಟ್ಟು ಹೋಗುವ ಆಸೆ ಸಹಜ, ಆದರೆ ಜೂನಿನ ಮಳೆಗೆ ಅದನ್ನು ನೋಡುವವರ್ಯಾರು? ಊರಲ್ಲೇ ಇರುವ ಅಣ್ಣನೋ ಅತ್ತಿಗೆಯೋ ನೋಡಿಕೊಳ್ಳಲು ಒಪ್ಪಿದರೆ ಅವರೂ ಖಾತೆ ತೆರೆದು ಕೆಲವು ಡಬ್ಬಿ ಹುಡುಕಿರಲಿ, ಅವರ ಆಟದ ಹೆಸರನ್ನು ರಿವ್ಯೂವರ್‌ಗೆ ಬರೆದು ತಿಳಿಸಿ.

ಡಬ್ಬಿ ಕಳೆದುಹೋಗಿ ಸರಿಪಡಿಸಲು ಸಮಯ ಬೇಕಿದ್ದರೆ ಪುಟವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಯಾವಾಗ ಸರಿಯಾಗುತ್ತದೆ ಎಂದು ಒಂದು ಸಾಲು ಹಾಕಿ. ಇನ್ನು ಆಗುವುದಿಲ್ಲ ಎನ್ನಿಸಿದರೆ ಕಾಯಂ ಮುಚ್ಚಿ. ಮುಚ್ಚುವ ಮುನ್ನ ಹೋಗಿ ಡಬ್ಬಿಯನ್ನೂ, ಮಲ್ಟಿ ಆಗಿದ್ದರೆ ನಡುವಿನ ಹಂತಗಳಲ್ಲಿ ಅಂಟಿಸಿದ ತಗಡು, ಕಟ್ಟಿದ ತಂತಿ, ಆಯಸ್ಕಾಂತಗಳನ್ನೂ ಎಣಿಸಿಕೊಂಡು ವಾಪಸ್ ತನ್ನಿ. ಒಳಗೆ ಟ್ರಾವೆಲ್ ಬಗ್ ಉಳಿದಿದ್ದರೆ ಅದನ್ನು ಹತ್ತಿರದ ಇನ್ನೊಂದು ಡಬ್ಬಿಗೆ ಸೇರಿಸಿ.